ಮೂರು ಮನೆತನದ ಮಿಷನ್ನು

ಮಿಷನ್ ಮೇಷ್ಟ್ರು ಯಾರ ಮನೆಗೆ ಹೋದರೂ ಮೊದಲು ಕುಶಲ ವಿಚಾರಿಸುವುದು ಮೂಲೆಯಲ್ಲಿರುವ ಹೊಲಿಗೆ ಯಂತ್ರವನ್ನು. ಮನೆಯವರ ಸರದಿ ಆಮೇಲೆ, ಅದೂ ನೆನಪಾದರೆ. ಚಿತ್ರಕಲೆ ಕಲಿಸಿ ನಿವೃತ್ತರಾದ ಈ ಸಣಕಲು ಮನುಷ್ಯ, ಮೊಣಕೈ ಸವೆದ ಕಂದು ಕೋಟಿನ ಒಂದು ಜೇಬಿನಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಎಣ್ಣೆಬಟ್ಟೆ ಇಟ್ಟುಕೊಂಡು, ಕೂತಲ್ಲೂ ಪೆಡಲು ತುಳಿಯುವವರಂತೆ ಪಾದ ಆಡಿಸುತ್ತ, "ತಡೀರಿ, ಇದರ ಜಾತಕ ಹೇಳ್ತೀನಿ" ಎಂದು ಮಂಡಿಯೂರಿದರೆಂದರೆ ಮುಗಿಯಿತು: ಚಕ್ರದ ಕಡ್ಡಿಗಳ ಬಾಗು, ಪಿಟೀಲಿನಾಕಾರದ ಪೀಠ, ಅಳಿಸಿಹೋದ ಹೊಂಬಣ್ಣದ ಬಳ್ಳಿಯಲ್ಲಿ ಉಳಿದ ಒಂದೇ ಎಲೆ, ಇಷ್ಟರಿಂದಲೇ ತಯಾರಕರನ್ನೂ ತಲೆಮಾರನ್ನೂ ಹೇಳಿಬಿಡುತ್ತಾರೆ. ಹಳೆಯ ಸಾಮಾನಿನ ವ್ಯಾಪಾರಿಯಾದ ನನಗೆ ಈ ವಿದ್ಯೆ ಒಂದು ಕಾಟ. ನಾನು ಶತಾಯುಷಿಯೆಂದು ಹೊಗಳುತ್ತಿರುವ ಯಂತ್ರವನ್ನು ಅವರು ಗಿರಾಕಿಯೆದುರಿಗೇ "ಇದಿನ್ನೂ ಕೂಸು" ಎಂದುಬಿಡುತ್ತಾರೆ.

ಅವರ ಒಳಕೋಣೆಯ ತುಂಬ ಮಿಷನ್ನುಗಳೇ. ಮಗಳು ಹಸುಗೂಸಿನೊಡನೆ ಬರುತ್ತಾಳೆಂದು ಗೊತ್ತಾದದ್ದೇ ತಡ, ತೊಟ್ಟಿಲಿಗೆ ಜಾಗ ಬೇಕೆಂದು ಅವರ ಹೆಂಡತಿ, ನನ್ನ ಪಾಲಿಗೆ ಅಕ್ಕ, ನನ್ನನ್ನು ತಳ್ಳುಗಾಡಿ ಸಮೇತ ಕರೆಸಿದರು.

"ನೋಡಪ್ಪ ತಮ್ಮಾ, ಹೊಲಿಯೋ ಮಿಷನ್ನು ಇರ್ಲಿ. ಸುಮ್ನೆ ಕೂತಿರೋದನ್ನೆಲ್ಲ ಎತ್ಕೊಂಡು ಹೋಗು."

"ಎಲ್ಲಾ ಹೊಲೀತವೆ ಕಣೇ!" ಎಂದರು ಮೇಷ್ಟ್ರು, ಎದೆಯುಬ್ಬಿಸಿ.

"ಹಾಗಾದ್ರೆ ಹೊಲಿದು ತೋರ್ಸಿ."

ಯಾವ ತಿರುಪು ಯಾವ ಕಾಲದ್ದೆಂದು ಬಲ್ಲ ಆ ಮಹಾನುಭಾವರಿಗೆ ನೂಲು ಪೋಣಿಸಲು ಬರುತ್ತಿರಲಿಲ್ಲ! ಹೊಂಬಣ್ಣ ಸವೆದೀತೆಂಬ ಭಯಕ್ಕೆ ಒಂದು ಯಂತ್ರಕ್ಕೂ ಬಟ್ಟೆ ತಾಕಿಸಿದವರಲ್ಲ. ದಾರದ ತುದಿಗೆ ಎಂಜಲು ಹಚ್ಚಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ಹೋರಾಡಿ, ಕೊನೆಗೆ ಸೂಜಿಯನ್ನು ಬಿಟ್ಟು ಕೋಟಿನ ಗುಂಡಿಗೇ ದಾರ ಸುತ್ತಿಕೊಂಡರು. ನಾನು ಗಾಡಿಗೆ ಗೋಣಿ ಹಾಸಲು ಎದ್ದೆ.

"ಏಳ್ರೀ ಅತ್ಲಾಗೆ" ಎಂದು ಅಕ್ಕ ತಾವೇ ಕೂತರು. ಪಿಟೀಲು ಪೀಠದ ಮುದುಕಿ ಮಿಷನ್ನಿಗೆ ನೂಲು ಪೋಣಿಸಿ, ಕೂಸಿನ ಹೊದಿಕೆಯ ಅಂಚು ಕೊಟ್ಟು, ಹಿಡಿ ತಿರುಗಿಸಿದರು. ಟಿಕಟಿಕ ಎಂಬ ಸದ್ದು ಕೋಣೆಗೆ ಹರಡಿದಾಗ ಮೇಷ್ಟ್ರ ಪಾದ ಆಡುವುದನ್ನು ಮರೆತು ನಿಂತಿತು. ಹೊಲಿಗೆ ಅಕ್ಕಿಕಾಳು ಜೋಡಿಸಿದಷ್ಟು ನೇರ.

"ಅಯ್ಯೋ, ಇಂಥದ್ದನ್ನ ಬಚ್ಚಿಟ್ಟು ನನ್ನ ಕೈಲಿ ದಿನಾ ಆ ಗಡಗಡ ಮಿಷನ್ನು ತುಳಿಸಿದ್ರಲ್ರೀ!"

ಒಂದೊಂದಾಗಿ ಎಲ್ಲವೂ ಎದ್ದವು. ಹೊದಿಕೆಯ ಒಂದೊಂದು ಸಾಲು ಒಂದೊಂದು ಯಂತ್ರದ ಪಾಲಾಯಿತು. ಕೊನೆಗೆ ಅಕ್ಕ ತಾವು ದಿನವೂ ಹೊಲಿಯುತ್ತಿದ್ದ ಮಿಷನ್ನಿನತ್ತ ಕೈ ತೋರಿಸಿದರು: "ನೀನೂ ಬರಿಗೈಲಿ ಹೋಗ್ಬೇಡ. ಅದನ್ನ ಹಾಕ್ಕೋ."

ನಾನು ಅದರ ಹೂವಿನ ಮುಸುಕು ಸರಿಸಿದೆ. ಇಷ್ಟು ಕಾಲ ಒಂದೇ ಸೂರಿನಡಿ ಇದ್ದ ಆ ಯಂತ್ರದ ಮುಂದೆ ಮೇಷ್ಟ್ರು ಮೊದಲ ಸಲ ಮಂಡಿಯೂರಿದರು. ಭೂತಗನ್ನಡಿ ತಲೆಯಿಂದ ಕಾಲಿಗೆ, ಕಾಲಿನಿಂದ ಚಕ್ರಕ್ಕೆ ಹರಿಯಿತು.

"ತಲೆ ಒಬ್ಬ ತಯಾರಕರದು, ಕಾಲು ಇನ್ನೊಬ್ಬರದು, ಚಕ್ರ ಮೂರನೆಯವರದು! ಇಂಥದ್ದು ಬೇರೆಲ್ಲಿದೆ ಹೇಳು? ತೆಗಿಯಯ್ಯಾ ಕೈ!"

ತೊಟ್ಟಿಲು ಈಗ ಮಿಷನ್ನುಗಳ ನಡುವೆಯೇ ನಿಂತಿದೆ. ಚಕ್ರ ತಿರುಗದಿದ್ದರೆ ಮೊಮ್ಮಗು ಮಲಗುವುದಿಲ್ಲವಂತೆ. ಕೂಡಿಡುವವರ ಕುಲವೇ ಹೀಗೆ: ದೂರದ ಧೂಳಿನಲ್ಲಿರುವುದು ಅವರ ಕಣ್ಣಿಗೆ ಬೀಳುತ್ತದೆ, ಮನೆಯೊಳಗಿರುವುದು ಕಾಣಬೇಕಾದರೆ ಯಾರಾದರೊಬ್ಬರು ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಬೇಕು. ಆ ಪುಣ್ಯದ ಕೆಲಸಕ್ಕೆ ಬಾಡಿಗೆ ಮಾತ್ರ ಯಾರೂ ಕೊಡುವುದಿಲ್ಲ.