ತಂತಿಗಳ ಟೋಪಿ

"ಅಲ್ಲಾಡ್ಬೇಡಿ ಅಕ್ಕಾ," ಎನ್ನುತ್ತ ಯುನಿವರ್ಸಿಟಿಯ ಹುಡುಗಿ ಶ್ರಾವ್ಯ ಅಪ್ಪಿಯ ತಲೆಗೆ ತಂತಿಗಳ ಟೋಪಿ ಕೂರಿಸಿ, ಅದರ ತೂತುಗಳಿಗೆ ತಣ್ಣನೆಯ ಜೆಲ್ ತುಂಬಿದಳು. ಎದುರಿನ ಕುರ್ಚಿಯಲ್ಲಿ ಗಂಡ ಭೋಜ ಅಂಥದೇ ಟೋಪಿ ತೊಟ್ಟು ಕುಳಿತಿದ್ದ.

ಗಂಡಹೆಂಡಿರು ಮುಖಾಮುಖಿ ಕುಳಿತಾಗ ಇಬ್ಬರ ಮಿದುಳಿನಲ್ಲೂ ಏನಾಗುತ್ತದೆಂದು ತಿಳಿಯಲು ಯುನಿವರ್ಸಿಟಿಯವರು ತ್ರಾಸಿಯ ಶಾಲೆಯೊಂದರಲ್ಲಿ ಯಂತ್ರ ಇಟ್ಟಿದ್ದರು. ಮಳೆಗಾಲ, ದೋಣಿ ಕಡಲಿಗಿಳಿಯುವಂತಿರಲಿಲ್ಲ. ಸುದ್ದಿ ಕೇಳಿದ ಭೋಜ ಹೆಂಡತಿಯನ್ನು ಎಳೆದುಕೊಂಡೇ ಬಂದಿದ್ದ. "ನಿನ್ ಮಂಡೆ ಒಳ್ಗೆ ಎಂತ ಇತ್ತಂದ್ ಇವತ್ತ್ ಗೊತ್ತಾತ್ತ್, ಕಾಣ್."

ಅಪ್ಪಿಯ ತಲೆಯೊಳಗೆ ಇದ್ದದ್ದು ಕೊಕ್ಕರ್ಣೆಯ ಅಕ್ಕನ ಮನೆ. ಈ ವಾರ ಹೋಗಿಬಿಡುವುದೆಂದು ನಿಶ್ಚಯಿಸಿದ್ದಳು. ಹಿಂದೊಮ್ಮೆ ಹೊರಟಾಗ ಬಸ್‌ಸ್ಟ್ಯಾಂಡಿನಿಂದಲೇ ಅವನು ಎಳೆದು ತಂದಿದ್ದ. ಅಂದು ಮುರಿದ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತ್ತು. ಅದೆಲ್ಲ ಯಂತ್ರಕ್ಕೆ ಕಾಣಬಾರದೆಂದು ಮನಸ್ಸಿನಲ್ಲೇ ಮೀನಿನ ಹೆಸರು ಹೇಳಿಕೊಂಡಳು. ಬಂಗ್ಡೆ, ಬೂತಾಯಿ, ಕಾಣೆ... ಆದರೂ ಅಕ್ಕನ ಮನೆಯ ಬಾವಿಕಟ್ಟೆ ಕಣ್ಣೆದುರು ಬಂತು.

ಭೋಜ ಟೋಪಿ ಸರಿಮಾಡಿಕೊಳ್ಳಲು ಕೈ ಎತ್ತಿದ. ಅಪ್ಪಿಯ ಬೆರಳಿಗೆ ಬೆವರು ಅಳೆಯುವ ಪಟ್ಟಿ ಕಟ್ಟಿತ್ತು. ಅದರ ಗೆರೆ ಪರದೆಯ ಮೇಲೆ ಮೇಲಕ್ಕೆ ಹಾರಿತು. ಅವನು ಮತ್ತೆ ಕೈ ಎತ್ತಿದ, ಗೆರೆ ಮತ್ತೆ ಹಾರಿತು. ಶ್ರಾವ್ಯ ಪರದೆ ನೋಡಿದಳು, ಆಮೇಲೆ ಅಪ್ಪಿಯ ಸೊಟ್ಟ ಮಣಿಕಟ್ಟು ನೋಡಿದಳು.

"ಅಕ್ಕಾ, ನಿಮ್ದ್ ಸಾಕ್," ಎಂದು ಅಪ್ಪಿಯ ಟೋಪಿ ಬಿಚ್ಚಿದಳು.

"ಎಂತ ಬಂತ್? ಹೇಳಿ ಕಾಂಬ," ಎಂದ ಭೋಜ.

"ಒಬ್ರದ್ದ್ ಇನ್ನೊಬ್ರಿಗೆ ಹೇಳುಕಿಲ್ಲ. ನಿಮ್ದ್ ಇನ್ನೂ ಇತ್ತ್, ಏಳ್ಬೇಡಿ. ಪರದೆ ಮೇಲ್ ಮುಖದ್ ಚಿತ್ರ ಬತ್ತ್, ಕಾಣ್ತಾ ಕೂತ್ಕಣಿ."

ಶ್ರಾವ್ಯ ಅಪ್ಪಿಯನ್ನು ಜೆಲ್ ತೊಳೆಯಲು ಹೊರಗಿನ ನಲ್ಲಿಯ ಹತ್ತಿರ ಕರೆದೊಯ್ದಳು.

"ಅದ್ರಗೆ ಎಲ್ಲ ಕಂಡ್ತಾ?" ಅಪ್ಪಿ ನಲ್ಲಿ ತಿರುಗಿಸುತ್ತ ಕೇಳಿದಳು.

"ಆಲೋಚ್ನಿ ಕಾಂತಿಲ್ಲ ಅಕ್ಕಾ. ಹೆದ್ರಿಕಿ ಕಾಂತ್ತ್." ಶ್ರಾವ್ಯ ದನಿ ತಗ್ಗಿಸಿದಳು. "ಪೊಲೀಸ್ರಿಗೆ ಫೋನ್ ಮಾಡ್ಲಾ?"

"ಬ್ಯಾಡ ಮಗಾ. ಕೊಕ್ಕರ್ಣಿಯಗೆ ಅಕ್ಕ ಇದ್ಲ್." ನಲ್ಲಿಯ ನೀರು ಹರಿಯುತ್ತಲೇ ಇತ್ತು. "ಅವ್ರಿಗ್ ಇನ್ನೆಷ್ಟ್ ಹೊತ್ತ್?"

"ಸುಮಾರ್ ಹೊತ್ತಿತ್ತ್. ಅಷ್ಟ್ ತಂತಿ ಬಿಚ್ಚದೆ ಏಳುಕಾತ್ತಿಲ್ಲ."

ಅವಳ ಚಪ್ಪಲಿ ಭೋಜ ಕುಳಿತ ಕೋಣೆಯ ಬಾಗಿಲಲ್ಲೇ ಇತ್ತು. ಅಪ್ಪಿ ಅತ್ತ ಹೋಗಲಿಲ್ಲ. ಬರಿಗಾಲಲ್ಲೇ ಗೇಟು ದಾಟಿ, ಹೈವೇಗೆ ಬಂದು, ಕೈ ತೋರಿಸಿ ಬಸ್ಸು ಹತ್ತಿದಳು. ಸೆರಗಿನ ತುದಿಗೆ ಗಂಟುಹಾಕಿದ್ದ ದುಡ್ಡು ಬಿಚ್ಚಿ, ಕೊಕ್ಕರ್ಣೆಗೆ ಬಸ್ಸು ಬದಲಿಸುವ ಬ್ರಹ್ಮಾವರಕ್ಕೆ ಟಿಕೆಟ್ ಕೇಳಿದಳು.

ಕುಂದಾಪುರ ದಾಟಿದ ಮೇಲೆ ಹಿಂದಿನಿಂದ ಬೈಕಿನ ಹಾರ್ನ್ ಕೇಳಿಸಿತು. ಅಪ್ಪಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಎದುರಿನ ಸೀಟಿನ ಕಂಬಿ ಹಿಡಿದಳು. ಬೈಕು ಬಸ್ಸನ್ನು ದಾಟಿ ಮುಂದೆ ಹೋಯಿತು. ರೇನ್‌ಕೋಟು ತೊಟ್ಟ ಯಾರೋ, ಹಿಂದೆ ಒಂದು ಮಗು. ಅವಳು ಕಂಬಿ ಬಿಡಲಿಲ್ಲ.