ಹನ್ನೊಂದು ಗಂಟೆಯ ನಾಡಿ

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಅತ್ತೆಯ ನಾಡಿ ನಿಮಿಷಕ್ಕೆ ನಲವತ್ತಾರು ಸಲ ಬಡಿಯಿತು. ಮೊದಲು ಎಣಿಸಿದಾಗ ನಲವತ್ತೈದು ಬಂದಿತ್ತು. ಒಂದು ಬಡಿತ ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಎರಡನೆಯ ಸಲವೂ ಮೂರನೆಯ ಸಲವೂ ನಲವತ್ತಾರೇ ಬಂತು. ಅತ್ತೆ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನೆಲಕ್ಕೆ ಕೂತಿದ್ದರು. ಹಣೆ ತಣ್ಣಗಿತ್ತು.

"ಮನೆ ತಿರುಗ್ತಾ ಅದೆ ಕಣವ್ವ," ಎಂದರು. "ನಿನ್ನೇನೂ ಇಂಗೇ ಆಗಿತ್ತು. ನಿಂಗೆ ಏಳ್ನಿಲ್ಲ."

"ಯಾಕೆ ಹೇಳಲಿಲ್ಲ ಅತ್ತೆ?"

"ಏಳುದ್ರೆ ನೀನು ಮುಖ ಇಂಗ್ ಮಾಡ್ಕತಿಯಲ್ಲ, ಅದ್ಕೇಯ."

ಅತ್ತೆ ವಸಂತಮ್ಮನವರಿಗೆ ಎಪ್ಪತ್ತಾರು ವರ್ಷ. ಬನ್ನೂರು ಕಡೆಯ ನಾಲೆ ಬಯಲಿನಲ್ಲಿ ಗದ್ದೆ ಮಾಡಿಸಿದವರು. ಸರಸ್ವತಿಪುರಂನ ನಮ್ಮ ಮನೆಗೆ ಬಂದು ಎಂಟು ವರ್ಷವಾಯಿತು. ಆರು ವಾರದ ಹಿಂದೆ ಅವರಿಗೆ ಮೆಟ್ಟಿಲು ಹತ್ತುವಾಗ ಎದೆ ಬಿಗಿಯತೊಡಗಿತ್ತು. ಹೃದಯದ ಡಾಕ್ಟರು ಪ್ರದ್ಯುಮ್ನ ಪರೀಕ್ಷೆಗಳನ್ನೆಲ್ಲ ಮಾಡಿಸಿ, ರಕ್ತನಾಳದಲ್ಲಿ ಸ್ವಲ್ಪ ಅಡ್ಡಿಯಿದೆ, ಹೃದಯ ಅಗತ್ಯಕ್ಕಿಂತ ಜೋರಾಗಿ ದುಡಿಯುತ್ತಿದೆ ಎಂದು ಹೇಳಿ ಬೀಟಾ ಬ್ಲಾಕರ್ ಎನ್ನುವ ಜಾತಿಯ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಒಂದು, ತಿಂಡಿಯಾದ ಮೇಲೆ, ದಿನವೂ ಅದೇ ಹೊತ್ತಿಗೆ. ನಾಡಿ ಐವತ್ತಕ್ಕಿಂತ ಇಳಿದರೆ, ತಲೆ ಸುತ್ತಿದರೆ ತಕ್ಷಣ ಫೋನ್ ಮಾಡಬೇಕು. ಯಾವ ಕಾರಣಕ್ಕೂ ನಾವೇ ನಿರ್ಧರಿಸಿ ಮಾತ್ರೆ ನಿಲ್ಲಿಸಬಾರದು, ಒಮ್ಮೆಲೇ ನಿಲ್ಲಿಸಿದರೆ ಹೃದಯ ತಿರುಗಿಬೀಳುತ್ತದೆ ಎಂದು ಅವರು ಎರಡು ಸಲ ಹೇಳಿದ್ದರು. ನಾನು ಅದನ್ನೆಲ್ಲ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ.

ಅಂದಿನಿಂದ ದಿನವೂ ಒಂಬತ್ತು ಗಂಟೆಗೆ ಚೊಂಬಿನಲ್ಲಿ ನೀರು ಹಿಡಿದು ಅವರೆದುರು ನಿಲ್ಲುತ್ತಿದ್ದೆ. ಅವರು ಮಾತ್ರೆ ಬಾಯಿಗೆ ಹಾಕಿಕೊಂಡು, ಕತ್ತು ಹಿಂದಕ್ಕೆ ವಾಲಿಸಿ, ಚೊಂಬನ್ನು ತುಟಿಗೆ ತಾಗಿಸದೆ ಮೇಲಿನಿಂದ ನೀರು ಸುರಿದುಕೊಂಡು ಗಂಟಲು ಆಡಿಸುತ್ತಿದ್ದರು. ಆಮೇಲೆ ಜಗಲಿಗೆ ಹೋಗಿ ಎಲೆ ಅಡಿಕೆ ಕುಟ್ಟುತ್ತಿದ್ದರು. ಬಾಯಲ್ಲಿ ಉಳಿದಿರುವುದು ನಾಲ್ಕು ಹಲ್ಲು. ಕುಟ್ಟಾಣಿಯ ಟಣ್ ಟಣ್ ಕೇಳಿದ ಮೇಲೆ ನಾನು ಪುಸ್ತಕದಲ್ಲಿ ಹೊತ್ತು ಬರೆದಿಡುತ್ತಿದ್ದೆ. ಹನ್ನೊಂದಕ್ಕೂ ಸಂಜೆ ಆರಕ್ಕೂ ನಾಡಿ ಎಣಿಸಿ ಅದನ್ನೂ ಬರೆಯುತ್ತಿದ್ದೆ.

ಬುಧವಾರ ಡಾಕ್ಟರು ತಕ್ಷಣ ಫೋನಿಗೆ ಸಿಗಲಿಲ್ಲ. ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿ ಆ ಪುಸ್ತಕವನ್ನು ತಿರುವಿ ಹಾಕಿದೆ. ಹನ್ನೊಂದರ ಎಣಿಕೆಗಳು ಐವತ್ತೆರಡು, ಐವತ್ತು, ಐವತ್ತೊಂದು. ಸಂಜೆ ಆರರವು ತೊಂಬತ್ತು, ತೊಂಬತ್ನಾಲ್ಕು. ಸಂಜೆ ಎದೆ ಡವಗುಟ್ಟುತ್ತದೆ ಎಂದೂ ಅವರು ಎರಡು ಸಲ ಹೇಳಿದ್ದರು. ಒಂದೇ ಮಾತ್ರೆ ಬೆಳಿಗ್ಗೆ ಹೃದಯವನ್ನು ಮಲಗಿಸಿ ಸಂಜೆ ಓಡಿಸುವುದು ಹೇಗೆ? ನನಗೆ ತಿಳಿಯದೆ ಎರಡು ಕೊಟ್ಟುಬಿಟ್ಟೆನೇ? ಮಾತ್ರೆಯ ಪಟ್ಟಿಯಲ್ಲಿ ಖಾಲಿಯಾದ ಗುಳಿಗಳನ್ನು ಎಣಿಸಿದೆ. ದಿನಕ್ಕೊಂದೇ, ಸರಿಯಾಗಿತ್ತು. ಪಟ್ಟಿಯನ್ನೂ ಡಾಕ್ಟರ ಚೀಟಿಯನ್ನೂ ಹಿಡಿದುಕೊಂಡು ಬೀದಿ ಕೊನೆಯ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯ ಚಿಕ್ಕಬಸವಯ್ಯನವರು ಕನ್ನಡಕ ಏರಿಸಿ ಚೀಟಿಯನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಹೆಸರೂ ಅದೇ, ಶಕ್ತೀನೂ ಅದೇ ಕಣಮ್ಮ. ನಮ್ಮಿಂದ ತಪ್ಪಾಗಿಲ್ಲ," ಎಂದರು.

ಎಲ್ಲೂ ತಪ್ಪಿಲ್ಲ ಎಂದರೆ ತೊಂದರೆ ಅತ್ತೆಯ ಹೃದಯದಲ್ಲೇ ಇರಬೇಕು. ಮನೆಗೆ ನಡೆದು ಬರುವಾಗ ನನ್ನ ತಲೆಯಲ್ಲಿ ಅದೊಂದೇ ಇತ್ತು.

ಅತ್ತೆಯದು ಬೇರೆ ತೀರ್ಮಾನ. "ನಾಳಿಂದ ಆ ಮಾತ್ರೆ ಬ್ಯಾಡ. ಅದು ಬರೋಕ್ ಮುಂಚೆ ಎದೆ ಹಿಡೀತಿತ್ತು, ಆದ್ರೆ ಇಂಗೆ ಬೀಳ್ತಿರ್ಲಿಲ್ಲ."

"ಹಾಗೆ ಒಮ್ಮೆಗೇ ನಿಲ್ಲಿಸೋ ಹಾಗಿಲ್ಲ ಅತ್ತೆ."

"ಬಿಯೆಸ್ಸಿ ಓದಿರೋಳು ನೀನು, ನೀನೇ ನುಂಗು ಅತ್ಲಾಗೆ."

ಡಾಕ್ಟರಿಗೆ ಮತ್ತೆ ಫೋನ್ ಮಾಡಿದೆ, ಸಿಕ್ಕರು. ಅವರು ತಲೆಸುತ್ತು ಈಗ ಹೇಗಿದೆ, ಮಾತು ಸರಿಯಾಗಿದೆಯೇ, ಉಸಿರು ಹೇಗಿದೆ ಎಂದೆಲ್ಲ ಕೇಳಿದರು. ಮಲಗಿಸಿ ಕಾಲ ಕೆಳಗೆ ದಿಂಬಿಡಲು ಹೇಳಿದರು. ಮತ್ತೆ ಕಣ್ಣು ಕತ್ತಲೆ ಬಂದರೆ ಕಾಯದೆ ಆಸ್ಪತ್ರೆಗೆ ಬರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಎಂಟೂವರೆಗೆ. "ನಾಳೆ ಮಾತ್ರೆ ಕೊಡಬೇಡಿ, ಜೊತೇಲಿ ತನ್ನಿ. ನಾನು ನೋಡಿ ಹೇಳ್ತೀನಿ," ಎಂದರು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಎದ್ದು ಓಡಾಡಿದರು. ಚಾಮರಾಜನಗರದ ಕಚೇರಿಯಿಂದ ಸಂಜೆ ರೈಲಿಗೆ ಬಂದ ನನ್ನ ಗಂಡ ಷಡಕ್ಷರಿ ಎಲ್ಲ ಕೇಳಿಸಿಕೊಂಡು, "ಅವ್ವಂಗೆ ಏನೂ ಆಗಲ್ಲ ಬಿಡು," ಎಂದರು. ಅವರ ದನಿಯಲ್ಲಿ ಧೈರ್ಯ ಕಡಿಮೆಯಿತ್ತು.

ಗುರುವಾರ ಬೆಳಿಗ್ಗೆ ಇಸಿಜಿ ತೆಗೆದರು. ರಕ್ತದೊತ್ತಡ ನೋಡಿದರು. ನಾಡಿ ಎಪ್ಪತ್ತೆಂಟು. ಡಾಕ್ಟರು ನನ್ನ ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ಅಷ್ಟು ನಿಧಾನವಾಗಿ ಡಾಕ್ಟರೊಬ್ಬರು ಓದುವುದನ್ನು ನಾನು ನೋಡಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

"ಬೆಳಿಗ್ಗೆ ತೀರಾ ಇಳಿಯುತ್ತೆ, ಸಂಜೆ ಏರುತ್ತೆ," ಎಂದರು. "ಇಸಿಜಿಯಲ್ಲಿ ಈಗ ಏನೂ ಕಾಣ್ತಿಲ್ಲ. ಆದರೆ ಹೃದಯಕ್ಕೆ ಬಡಿ ಬಡಿ ಅಂತ ಹೇಳೋ ವಿದ್ಯುತ್ ವ್ಯವಸ್ಥೆಯಲ್ಲೇ ತೊಂದರೆಯಿದ್ದರೂ ಹೀಗಾಗಬಹುದು. ಹಾಗಿದ್ದರೆ ಈ ಮಾತ್ರೆ ಇವರಿಗೆ ಆಗಲ್ಲ. ಕೊಡದೇ ಹೋದರೆ ಎದೆನೋವು ವಾಪಸ್ ಬರುತ್ತೆ. ಒಂದಿನ ಪೂರ್ತಿ ಬಡಿತ ದಾಖಲಿಸೋ ಯಂತ್ರ ಕಟ್ಟಿ ನೋಡಬೇಕು. ಅದರಲ್ಲಿ ತೊಂದರೆ ಕಂಡರೆ ಪೇಸ್‌ಮೇಕರ್ ವಿಚಾರ ಮಾತಾಡಬೇಕಾಗುತ್ತೆ."

"ಅದೇನು?" ಎಂದರು ಅತ್ತೆ.

"ಭುಜದ ಕೆಳಗೆ ಚರ್ಮದೊಳಗೆ ಇಡೋ ಒಂದು ಸಣ್ಣ ಸಾಧನ ಅಜ್ಜಿ. ಬಡಿತ ಇಳಿದಾಗ ಅದೇ ಎಬ್ಬಿಸುತ್ತೆ."

"ಸ್ಟಾರ್ಟರ್ ಕೂರ್ಸೋಕೆ ನಾನೇನು ಪಂಪ್‌ಸೆಟ್ಟಾ ಡಾಕ್ಟ್ರೇ?"

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಬೆಳಗಿನ ಮಾತ್ರೆಯನ್ನು ಇಲ್ಲೇ ತೆಗೆದುಕೊಂಡು ಮೂರು ಗಂಟೆ ಕೂತಿರಲಿ, ಗಂಟೆಗೊಮ್ಮೆ ಸಿಸ್ಟರ್ ನೋಡುತ್ತಾರೆ, ಇಳಿಯುವುದನ್ನು ನಾನೂ ಕಣ್ಣಾರೆ ಕಾಣಬೇಕು ಎಂದು ಅವರು ಹೇಳಿದರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಸಿಸ್ಟರ್ ಲೋಟದಲ್ಲಿ ನೀರು ತಂದುಕೊಟ್ಟರು. ಅತ್ತೆ ಮಾತ್ರೆ ಬಾಯಿಗೆ ಹಾಕಿಕೊಂಡು, ಕತ್ತು ಹಿಂದಕ್ಕೆ ವಾಲಿಸಿ, ನೀರು ಸುರಿದುಕೊಂಡು ಗಂಟಲು ಆಡಿಸಿದರು. ಸಿಸ್ಟರ್ ಹೊತ್ತು ಬರೆದುಕೊಂಡು ಹೋದರು. ನಾನು ಎದುರಿನ ಗೋಡೆ ನೋಡುತ್ತ, ಯಂತ್ರ ಕಟ್ಟುವ ದಿನ ಯಾರು ರಜೆ ಹಾಕುವುದು, ಅದನ್ನು ಕಟ್ಟಿಸಿಕೊಳ್ಳಲು ಇವರನ್ನು ಒಪ್ಪಿಸುವುದು ಹೇಗೆ ಎಂದು ಯೋಚಿಸುತ್ತಿದ್ದೆ.

ಪಕ್ಕದಲ್ಲಿ ಚೀಲ ಬಿಚ್ಚುವ ಸದ್ದಾಯಿತು. ಅತ್ತೆ ಕುಟ್ಟಾಣಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಎಲೆಗೆ ಸುಣ್ಣ ಸವರುತ್ತಿದ್ದರು. ಆಸ್ಪತ್ರೆಯಲ್ಲಿ ಬೇಡ ಎಂದು ಹೇಳಲು ತಿರುಗಿದೆ. ಅದೇ ಹೊತ್ತಿಗೆ ಅವರು ತೋರುಬೆರಳನ್ನು ದವಡೆಯೊಳಗೆ ಹಾಕಿ, ಬೆಳ್ಳಗಿನ ಮಾತ್ರೆಯನ್ನು ಹೊರತೆಗೆದು, ಸೆರಗಿನಲ್ಲಿ ಒರೆಸಿ, ಎಲೆಯ ಜೊತೆಗೆ ಕುಟ್ಟಾಣಿಯೊಳಗೆ ಬಿಟ್ಟರು. ಒಂದು ಸಲ ಟಣ್ ಎಂದಿತು.

ನಾನು ಅವರ ಕೈ ಹಿಡಿದೆ.

"ಅತ್ತೆ, ಅದೇನದು?"

"ಎಲೆ."

"ಎಲೆ ಜೊತೆ?"

"ಮಾತ್ರೆ ಕಣವ್ವ. ಬಿಸಾಕ್ತಿಲ್ಲ, ತಿಂತೀನಿ ಬುಡು. ಇಂಗೆ ನುಣ್ಣಗೆ ಕುಟ್ಕಂಡ್ರೆ ಹೊಟ್ಟೇಲಿ ಬೇಗ ಅರಗ್ತದೆ."

"ದಿನಾ ಹೀಗೇ ಮಾಡ್ತಿದ್ದೀರಾ?"

"ಎರಡ್ನೇ ದಿನದಿಂದ. ಮೊದಲ್ನೇ ದಿನ ನುಂಗಕ್ ಓಗಿ ಗಂಟ್ಲಲ್ಲಿ ಸಿಕ್ಕಾಕಂಡು ಕೆಮ್ಮಿದ್ನಲ್ಲ. ನೀನು ಕಿರುಚ್ಕಂಡು ಅರ್ಧ ಬೀದಿ ಸೇರಿಸ್ಬುಟ್ಟೆ. ಆಟೋ ಬಂತು, ಎದುರುಮನೆಯೋರು ಬೆನ್ನು ಗುದ್ದುದ್ರು. ಆಮ್ಯಾಕೆ ನುಂಗಕಾಗಲ್ಲ ಅಂತ ನಿಂಗೆ ಏಳದಾ? ಗಂಟ್ಲಿಗೂ ಒಂದು ಸ್ಕ್ಯಾನ್ ಮಾಡಿಸ್ತಿದ್ದೆ."

ಇಷ್ಟು ವಾರ ಎರಡು ಅಡಿ ದೂರದಲ್ಲಿ ನಿಂತು ನೋಡಿದ್ದೆ. ಗಂಟಲು ಆಡಿದ್ದನ್ನು ನೋಡಿ, ಕುಟ್ಟಾಣಿಯ ಸದ್ದನ್ನೂ ಕೇಳಿ, ಒಂಬತ್ತು ಗಂಟೆ ಎಂದು ಬರೆದುಕೊಂಡಿದ್ದೆ. ಕುಟ್ಟಾಣಿಯನ್ನು ಅವರ ಕೈಯಿಂದ ಬಿಡಿಸಿಕೊಂಡು ಡಾಕ್ಟರ ಕೋಣೆಗೆ ಹೋದೆ. ಇನ್ನೊಬ್ಬ ರೋಗಿ ಒಳಗಿದ್ದರು. ಕ್ಷಮಿಸಿ, ದಿನವೂ ಮಾತ್ರೆಯನ್ನು ಇದರಲ್ಲೇ ಕುಟ್ಟಿ ತಿಂದಿದ್ದಾರೆ ಎಂದು ಹೇಳಿ ಕುಟ್ಟಾಣಿಯನ್ನು ಮೇಜಿನ ಮೇಲಿಟ್ಟೆ.

ಡಾಕ್ಟರು ಅದರೊಳಗೆ ಇಣುಕಿ ನೋಡಿದರು. ಆಮೇಲೆ ನನ್ನ ಪುಸ್ತಕವನ್ನು ಮತ್ತೆ ತೆರೆದು ಹನ್ನೊಂದರ ಸಾಲನ್ನೂ ಆರರ ಸಾಲನ್ನೂ ನೋಡಿದರು. ಅವರ ಹುಬ್ಬು ಸಡಿಲವಾದದ್ದು ನನಗೆ ಕಂಡಿತು. "ಇಷ್ಟೇನಾ?" ಎಂದರು.

ಆ ರೋಗಿಯನ್ನು ಕಳಿಸಿದ ಮೇಲೆ ಅವರೇ ಹೊರಬಂದು ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತರು. "ಅಜ್ಜಿ, ಈ ಮಾತ್ರೆಯೊಳಗೆ ಸಾಸಿವೆಗಿಂತ ಸಣ್ಣ ಕಾಳುಗಳಿವೆ. ಒಂದೊಂದಕ್ಕೂ ಮೇಲೊಂದು ಹೊದಿಕೆ. ಔಷಧಿ ಇಪ್ಪತ್ನಾಲ್ಕು ಗಂಟೆ ಸ್ವಲ್ಪಸ್ವಲ್ಪವೇ ಹೊರಗೆ ಬರಲಿ ಅಂತ ಹಾಗೆ ಮಾಡಿರೋದು. ನೀವು ಕುಟ್ಟಿದಾಗ ಆ ಹೊದಿಕೆಯೆಲ್ಲ ಒಡೆದು ಹೋಗುತ್ತೆ. ಇಡೀ ದಿನದ್ದು ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತೆ."

ಅತ್ತೆ ಅಂಗೈಯನ್ನು ಮೇಲಕ್ಕೆತ್ತಿ ತೋರಿಸಿದರು. "ಅಂದ್ರೆ, ತೂಬು ಪೂರ್ತಿ ಎತ್ಬುಟ್ಟಂಗೆ. ಬೆಳಿಗ್ಗೆ ಗದ್ದೆ ಮುಳುಗ್ತು, ಸಾಯಂಕಾಲಕ್ಕೆ ನೀರಿಲ್ಲ."

"ಅದೇ. ಅದಕ್ಕೇ ಬೆಳಿಗ್ಗೆ ತಲೆಸುತ್ತು, ಸಂಜೆ ಡವಡವ."

"ಮತ್ತೆ ಇದ್ನ ಮೊದ್ಲೇ ಏಳ್ಬಾರ್ದಾ ನೀವು?"

"ಹೇಳಬೇಕಿತ್ತು," ಎಂದರು ಡಾಕ್ಟರು. "ಅಗಿಯಬೇಡಿ, ಪುಡಿ ಮಾಡಬೇಡಿ ಅಂತ ಚೀಟಿ ಮೇಲೆ ಬರೆಯಬೇಕಿತ್ತು. ನುಂಗೋಕೆ ಕಷ್ಟವಾ ಅಂತ ಕೇಳಬೇಕಿತ್ತು."

ನಾನೂ ಕೇಳಿರಲಿಲ್ಲ.

ಈ ಮಾತ್ರೆಯ ನಡುವೆ ಗೆರೆಯಿದೆ, ಗೆರೆಯ ಮೇಲೆ ಎರಡಾಗಿ ಮುರಿದು ಎರಡು ಹೋಳನ್ನೂ ಅಗಿಯದೆ ನುಂಗಬಹುದು ಎಂದು ಅವರು ತೋರಿಸಿಕೊಟ್ಟರು. ಎಲ್ಲ ಮಾತ್ರೆಗಳನ್ನೂ ಹೀಗೆ ಮುರಿಯುವಂತಿಲ್ಲ, ಕೇಳಿಯೇ ಮುರಿಯಬೇಕು. ಅರ್ಧವೂ ಇಳಿಯದಿದ್ದರೆ ಬೇರೆ ರೂಪದ ಔಷಧಿ ಇದೆ, ಬದಲಾಯಿಸಿ ಕೊಡುತ್ತೇನೆ, ಆದರೆ ನಿಲ್ಲಿಸುವ ಮಾತು ಬೇಡ ಎಂದರು. ಕುಟ್ಟಾಣಿಯಲ್ಲಿದ್ದದ್ದನ್ನು ಸಿಸ್ಟರ್ ಚೆಲ್ಲಿ ಹೊಸ ಮಾತ್ರೆಯನ್ನು ಎರಡು ಮಾಡಿ ತಂದರು.

"ಕತ್ತು ಹಿಂದಕ್ಕೆ ಹಾಕ್ಬೇಡಿ ಅಜ್ಜಿ," ಎಂದರು. "ಲೋಟಾನ ಕಚ್ಚಿ ಕುಡೀರಿ. ಗಲ್ಲ ಸ್ವಲ್ಪ ಕೆಳಗೆ."

"ಎಂಜಲಾಗಲ್ವಾ?"

"ಈ ಲೋಟ ನೀವೇ ಇಟ್ಕಳಿ, ಯಾರೂ ಕೇಳಲ್ಲ."

ಅತ್ತೆ ಗಲ್ಲ ಇಳಿಸಿ, ಹೊಸ ನೆಂಟರ ಮನೆಗೆ ಬಂದವರಂತೆ ಸಂಕೋಚದಿಂದ ಲೋಟವನ್ನು ತುಟಿಗಿಟ್ಟುಕೊಂಡರು. ಮೊದಲ ಹೋಳು ಇಳಿಯಿತು. ಎರಡನೆಯದೂ ಇಳಿಯಿತು. ಬಾಯಿ ಅಗಲವಾಗಿ ತೆರೆದು ನಾಲಿಗೆ ಎತ್ತಿ ಸಿಸ್ಟರಿಗೆ ತೋರಿಸಿದರು, ಆಮೇಲೆ ನನ್ನ ಕಡೆ ತಿರುಗಿ ನನಗೂ ತೋರಿಸಿದರು.

ಹತ್ತು ಗಂಟೆಗೆ ನಾಡಿ ಎಪ್ಪತ್ನಾಲ್ಕು. ನಾನು ಎಣಿಸಿದಾಗಲೂ ಅಷ್ಟೇ ಬಂತು. ಹನ್ನೊಂದಕ್ಕೆ ಎಪ್ಪತ್ತು. ಆ ಒಂದು ನಿಮಿಷ ನಾನು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಐವತ್ತನ್ನು ದಾಟಿ, ಅರವತ್ತನ್ನು ದಾಟಿ ಬಡಿತಗಳು ಬರುತ್ತಲೇ ಇದ್ದವು. ಅತ್ತೆ ಎದ್ದು ಕಾರಿಡಾರಿನ ತುದಿಯವರೆಗೆ ಯಾರ ಕೈಯನ್ನೂ ಹಿಡಿಯದೆ ಹೋಗಿ ಬಂದರು. ಹನ್ನೆರಡಕ್ಕೆ ಅರವತ್ತೆಂಟು. ಡಾಕ್ಟರು ರಕ್ತದೊತ್ತಡ ತಾವೇ ನೋಡಿ, "ಯಂತ್ರ ಈಗ ಬೇಡ. ಪೇಸ್‌ಮೇಕರ್ ಮಾತಂತೂ ಬೇಡವೇ ಬೇಡ. ಹೀಗೇ ನುಂಗಿಸಿ, ಒಂದು ವಾರ ಬರೆದು ತನ್ನಿ," ಎಂದರು.

ಷಡಕ್ಷರಿಗೆ ಫೋನ್ ಮಾಡಿ ಹೇಳಿದೆ. ಅವರು ಮಾತಾಡದೆ ಬಹಳ ಹೊತ್ತು ನಕ್ಕರು. ಕೊನೆಗೆ ಮೂಗು ಎಳೆದುಕೊಂಡು, "ಅವ್ವಂಗೆ ಕೊಡು," ಎಂದರು. ಅತ್ತೆ ಫೋನಿಗೆ, "ಏನೂ ಇಲ್ಲ ಕಣ್ಲಾ, ಕುಟ್ಟಿದ್ದು ತಪ್ಪಂತೆ," ಎಂದಷ್ಟೇ ಹೇಳಿ ವಾಪಸು ಕೊಟ್ಟರು.

ಆಟೋ ಕರೆಯಲು ನಾನು ಎದ್ದು ನಿಂತೆ. ಅತ್ತೆ ಏಳಲಿಲ್ಲ.

"ಅರವತ್ತೆಂಟು ಅಂದ್ರೆ ಒಳ್ಳೇದು ತಾನೆ?"

"ತುಂಬಾ ಒಳ್ಳೇದು ಅತ್ತೆ."

"ಅಂಗಾರೆ ಮೊದ್ಲು ಓಗಿ ಏನಾದ್ರೂ ತಿನ್ಕಂಬಾ. ನಿನ್ನೆ ಮಧ್ಯಾಹ್ನದಿಂದ ನೋಡ್ತಾವ್ನಿ, ನೀನು ತಟ್ಟೆ ಮುಂದೆ ಕೂತ್ಕತಿಯ, ಏಳ್ತಿಯ. ಒಂದು ತುತ್ತೂ ಒಳಗೋಗಿಲ್ಲ."

ಇಲ್ಲ ಅತ್ತೆ, ತಿಂದೆನಲ್ಲ ಎನ್ನಲು ಹೊರಟೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನಾನು ಇಲ್ಲೇ ಇರ್ತೀನಿ, ಎಲ್ಗೂ ಓಗಲ್ಲ. ಓಗು ಮಗ."

ಕೆಳಗಿನ ಕ್ಯಾಂಟೀನಿನಲ್ಲಿ ಬಿಸಿಬೇಳೆಬಾತ್ ಇತ್ತು. ಕಿಟಕಿಯ ಪಕ್ಕ ಕೂತು, ಗಡಿಯಾರ ನೋಡದೆ ತಿಂದೆ. ತಟ್ಟೆ ಖಾಲಿಯಾದಾಗಲೂ ಹಸಿವು ಹಾಗೇ ಇತ್ತು. ಎದ್ದು ಹೋಗಿ ಇನ್ನೊಂದು ತಟ್ಟೆ ಹೇಳಿದೆ.