ರಕ್ತದೊಳಗಿನ ಧೂಳು

ಖಾಂಫೆಂಗ್ ಅಜ್ಜಿ ಹಠ ಹಿಡಿದರೆ ಮೆಕಾಂಗ್ ನದಿಯೂ ದಾರಿ ಬಿಡಬೇಕು, ಅಂಥ ಗಟ್ಟಿಗಿತ್ತಿ. ಆದರೆ ಮೊಮ್ಮಗಳಿಗೆ ಮಿದುಳು ಜ್ವರ ಬಂದಾಗಿನಿಂದ ಅವಳ ಗಟ್ಟಿತನವೆಲ್ಲ ಕರಗಿಹೋಗಿತ್ತು. ಜ್ವರ ಏರಿದ ಬೆಳಿಗ್ಗೆ ಆ ಆರು ವರ್ಷದ ಮಗುವನ್ನು ಮನೆಯಲ್ಲಿ ಕರೆಯುವ ಅಡ್ಡಹೆಸರು ಹಿಡಿದು ಬೈದವಳು ಅವಳೇ. ಬೈಗುಳಕ್ಕೆ ಬೆದರಿ ಮಗುವಿನ ಖ್ವನ್, ಅಂದರೆ ಮೈಯೊಳಗಿನ ಚೈತನ್ಯ, ಓಡಿಹೋಯಿತೆಂದೇ ಅವಳ ನಂಬಿಕೆ. ಮುನಿದವರನ್ನು ಮರ್ಯಾದೆಯಿಂದ ಕರೆಯಬೇಕು ತಾನೆ? ವಿಯೆಂಟಿಯಾನ್‌ನ ಆಸ್ಪತ್ರೆಗೆ ಬಂದವಳೇ ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದಳು: "ಇನ್ಮೇಲೆ ಯಾರಾದ್ರೂ ಆ ದರಿದ್ರ ಹೆಸರು ಎತ್ತಿದ್ರೆ ನಾಲಿಗೆ ಸೀಳ್ತೀನಿ. ಸುಫಾಫೋನ್ ಅಂತ ಬಾಯ್ತುಂಬ ಕರೀರಿ."

ಕರೆದರು. ಜ್ವರ ಬಿಟ್ಟಿತು, ಉಸಿರು ಸರಾಗವಾಯಿತು. ಮಗು ಮಾತ್ರ ಅರೆಗಣ್ಣು ತೆರೆದು ಗೋಡೆ ನೋಡುತ್ತ ಮಲಗಿರುತ್ತಿತ್ತು. ಡಾಕ್ಟರ್ ದಾಲಾವನ್ ದಿನಾ ಬೆಳಿಗ್ಗೆ ಬಂದು "ಸುಫಾಫೋನ್, ಇಲ್ಲಿ ನೋಡಮ್ಮ" ಎನ್ನುವಳು. ಊಹೂಂ.

ಮೊಮ್ಮಗಳು ಬದುಕುತ್ತಾಳೆಂದು ಅಜ್ಜಿಗೆ ಗೊತ್ತಾಗಿತ್ತು. ಆದರೆ ಮಾತಿಗೆ ಮಾತು ಕೊಡುವ ಆ ಹಳೆಯ ತರಲೆಯಾಗಿ ಬದುಕುತ್ತಾಳೋ, ಬರೀ ಉಸಿರಾಡುವ ಗೊಂಬೆಯಾಗಿಯೋ? 

ಅವತ್ತು ಡಾಕ್ಟರಮ್ಮ ಓಡೋಡಿ ಬಂದಳು. "ಅಜ್ಜಿ, ರಕ್ತಪರೀಕ್ಷೆ ಚೆನ್ನಾಗಿ ಬಂದಿದೆ!"

"ರಕ್ತಕ್ಕೂ ತಲೆಗೂ ಎತ್ತಣ ಸಂಬಂಧ?"

"ಮನೆ ಕುಸಿದ್ರೆ ಧೂಳು ಏಳಲ್ವಾ? ಹಾಗೇ ಮಿದುಳಿಗೆ ಪೆಟ್ಟಾದ್ರೆ ಅದರ ಚೂರುಪಾರು ರಕ್ತಕ್ಕೆ ಬರುತ್ತೆ. ಮೊದಲು ವಿಪರೀತ ಇತ್ತು. ಈಗ ಇಳಿದಿದೆ. ಒಳಗೆ ಕುಸಿಯೋದು ನಿಂತಿದೆ."

"ಅಷ್ಟು ಹೇಳೋಕೆ ಇಷ್ಟು ಸೂಜಿ ಚುಚ್ಚಿದ್ರಾ? ನನ್ನ ಮೊಟ್ಟೆ ಬೆಳಿಗ್ಗೇನೇ ಹೇಳ್ತು!" ಅಜ್ಜಿ ಚೀಲದಿಂದ ಬೇಯಿಸಿ ಸುಲಿದ ಮೊಟ್ಟೆಯೊಂದನ್ನು ತೆಗೆದಳು. ಓಡಿಹೋದ ಖ್ವನ್ ಅನ್ನು ವಾಪಸ್ ಕರೆಯುವ ಶಾಸ್ತ್ರದಲ್ಲಿ ಮಗುವಿನ ಅಂಗೈಯಲ್ಲಿಟ್ಟಿದ್ದ ಮೊಟ್ಟೆ ಅದು. "ನೋಡು, ಎಲ್ಲಾದ್ರೂ ಒಂದು ಕುಳಿ ಇದ್ಯಾ? ನುಣ್ಣಗಿದೆ. ಖ್ವನ್ ವಾಪಸ್ ಬಂದಾಗಿದೆ."

ಡಾಕ್ಟರಮ್ಮ ನಕ್ಕಳು. "ಸರಿ ಬಿಡಿ, ನಿಮ್ಮ ಮೊಟ್ಟೇನೂ ಪಾಸು, ನನ್ನ ಪರೀಕ್ಷೇನೂ ಪಾಸು. ಮತ್ತೆ ಇವಳ್ಯಾಕೆ ತಿರುಗಿ ನೋಡಲ್ಲ?"

ಅವಳು ನಾಡಿ ನೋಡಲು ಮಗುವಿನ ಕೈ ಹಿಡಿದಳು. ಮಗುವಿನ ಮಣಿಕಟ್ಟಿನಲ್ಲಿ ಖ್ವನ್ ಮತ್ತೆ ಓಡದಿರಲೆಂದು ನೆಂಟರು ಕಟ್ಟಿದ ಬಿಳಿ ನೂಲುಗಳ ನಡುವೆ ಹೆಸರು ಬರೆದ ಆಸ್ಪತ್ರೆಯ ಪಟ್ಟಿಯಿತ್ತು. ಡಾಕ್ಟರಮ್ಮ ಅದನ್ನೇ ದಿಟ್ಟಿಸುತ್ತ ಕೇಳಿದಳು, "ಅಜ್ಜಿ, ಮನೇಲೂ ಇವಳನ್ನ ಹೀಗೇ ಕರೀತೀರಾ?"

ಅಜ್ಜಿ ಮುಖ ತಿರುಗಿಸಿ ಮೊಟ್ಟೆಯನ್ನು ಚೀಲಕ್ಕೆ ತುರುಕತೊಡಗಿದಳು.

"ನನ್ನ ಹತ್ರ ಎಂಥಾ ನಾಚಿಕೆ? ನಮ್ಮನೇಲಿ ನಾನು ಹಂದಿಮರಿ. ಸಣ್ಣೋಳಿದ್ದಾಗ ದಾಲಾವನ್ ಅಂತ ಕರೆದ್ರೆ ನಾನೂ ತಿರುಗಿ ನೋಡ್ತಿರಲಿಲ್ಲ."

"ಆ ಹೆಸರಲ್ಲಿ ಬೈದು ಓಡಿಸಿದವಳು ನಾನೇ ಕಣಮ್ಮ," ಎಂದು ಅಜ್ಜಿ ಅತ್ತೇಬಿಟ್ಟಳು. "ಮತ್ತೆ ಹಾಗೇ ಕೂಗಿ, ಬಂದಿರೋದೂ ಓಡಿಹೋದ್ರೆ?"

"ಧೂಳು ಇಳಿದಿದೆ ಅಜ್ಜಿ. ಎಲ್ಲೂ ಓಡಲ್ಲ. ಕೂಗಿ."

ಅಜ್ಜಿ ಮೂಗು ಒರೆಸಿಕೊಂಡು ಬಗ್ಗಿದಳು. ಮೊದಲು ಪಿಸುಗುಟ್ಟಿದ್ದು ಅವಳಿಗೇ ಕೇಳಿಸಲಿಲ್ಲ. ಆದದ್ದಾಗಲಿ ಎಂದು ವಾರ್ಡೇ ಬೆಚ್ಚುವಂತೆ ಕೂಗಿದಳು: "ಏ ಗೊದಮೊಟ್ಟೆ!"

ಮಗುವಿನ ಕಣ್ಣು ಗೋಡೆ ಬಿಟ್ಟು ಮೆಲ್ಲಗೆ ಅಜ್ಜಿಯ ಮುಖಕ್ಕೆ ಬಂತು. ಒಣಗಿದ ತುಟಿ ಅಲುಗಿತು. ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೊಡುತ್ತಿದ್ದ ಉತ್ತರವೇ ಗೊಗ್ಗರು ದನಿಯಲ್ಲಿ ಬಂತು: "ಏನೇ, ಮುದಿಗಪ್ಪೆ?"

"ಅಯ್ಯೋ ನನ್ನ ಬಂಗಾರ! ಬೈದ್ಲು! ನನ್ನನ್ನ ಬೈದ್ಲು, ಕೇಳಿಸ್ತಾ?" ಅಜ್ಜಿ ಮಂಚದಿಂದ ಮಂಚಕ್ಕೆ ಓಡಿ, ಪರಿಚಯವೇ ಇಲ್ಲದವರಿಗೆಲ್ಲ ತಾನು ಮುದಿಗಪ್ಪೆಯೆಂದು ಸಾರಿದಳು. ಡಾಕ್ಟರಮ್ಮ ಅತ್ತ ತಿರುಗಿ ಗುಟ್ಟಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಜ್ಜಿ ಬಿಟ್ಟಾಳೆಯೆ?

"ಬಾರೇ ಹಂದಿಮರಿ, ನೀನೂ ಕುಣಿ ಬಾ!"

ಡಾಕ್ಟರಮ್ಮ ತಟ್ಟನೆ ತಿರುಗಿ ನೋಡಿದಳು.